ಚಾಪ್‌ಮನ್‌ಗೆ ನಾಲ್ಕೇ ಸಾಲು: ಬೆಂಗಳೂರಿನ ಫುಟ್ಬಾಲ್ ಮಂದಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ರಾಜ್ಯ ಫುಟ್ಬಾಲ್ ಸಂಸ್ಥೆಯ ಪದಾಧಿಕಾರಿಗಳಿಗೆ, ಕಂಠೀರವ ಸ್ಟೇಡಿಯಂನ ಗ್ಯಾಲರಿಯಲ್ಲಿ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ತೊಟ್ಟು ಕೂಗುವ ಹುಡುಗ ಹುಡುಗಿಯರಿಗೆ, ಕನ್ನಡ ಪತ್ರಿಕೆಗಳ ಕ್ರೀಡಾ ಡೆಸ್ಕಿನಲ್ಲಿ ಈಗಲೂ ರಾತ್ರಿ ಪಾಳಿ ಮಾಡುತ್ತಿರುವ ನನ್ನ ಹಳೆಯ ಗೆಳೆಯರಿಗೆ,

ನಮಸ್ಕಾರ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆಮೇಲೆ ನಿಮ್ಮ ಹತ್ತಿರ ಕೇಳುವುದಿದೆ.

2020ರ ಅಕ್ಟೋಬರ್ 12, ಸೋಮವಾರ. ಕೊರೋನಾ ಕಾಲ. ಆಗ ನಾನು ಒಂದು ಕನ್ನಡ ದಿನಪತ್ರಿಕೆಯ ಕ್ರೀಡಾ ಪುಟ ನೋಡಿಕೊಳ್ಳುತ್ತಿದ್ದೆ. ಆಫೀಸಿಗೆ ಹೋಗುವುದು ನಿಂತು ತಿಂಗಳುಗಳೇ ಆಗಿದ್ದವು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರಿ ಹೋದ ಕಾಫಿ. ಬೆಳಿಗ್ಗೆಯೇ ಏಜೆನ್ಸಿ ಸುದ್ದಿ ಬಂದಿತ್ತು. ಭಾರತ ಫುಟ್ಬಾಲ್ ತಂಡದ ಮಾಜಿ ನಾಯಕ ಕಾರ್ಲ್ಟನ್ ಚಾಪ್‌ಮನ್ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾರೆ. ಹೃದಯಾಘಾತ. ವಯಸ್ಸು 49.

ಹೆಸರು ಕೇಳಿದ್ದೆ. ಅಷ್ಟೇ.

ಅವತ್ತು ರಾತ್ರಿ ಶಾರ್ಜಾದಲ್ಲಿ ಐಪಿಎಲ್ ಪಂದ್ಯ ಇತ್ತು. ಬೆಂಗಳೂರಿಗೂ ಕೋಲ್ಕತ್ತಕ್ಕೂ. ಎ.ಬಿ. ಡಿವಿಲಿಯರ್ಸ್ 33 ಎಸೆತಕ್ಕೆ 73 ರನ್ ಚಚ್ಚಿದರು. ಆರ್‌ಸಿಬಿ 82 ರನ್‌ಗಳಿಂದ ಗೆದ್ದಿತು. ಇನ್ನು ಕೇಳಬೇಕೆ? ಪುಟದ ಈ ತುದಿಯಿಂದ ಆ ತುದಿಗೆ ಹೆಡ್ಡಿಂಗು, ಕೆಳಗೆ ಬ್ಯಾಟ್ ಬೀಸುತ್ತಿರುವ ದೊಡ್ಡ ಫೋಟೊ. ಡೆಡ್‌ಲೈನ್ ಹತ್ತಿರ ಬಂದಾಗ ಉಳಿದದ್ದು ಬಲಗಡೆ ಕೆಳಗಿನ ಮೂಲೆ, ನಾವು ಚುಟುಕು ಸುದ್ದಿ ತುಂಬುವ ಜಾಗ. ಅಲ್ಲಿ ಚಾಪ್‌ಮನ್‌ಗೆ ನಾಲ್ಕು ಸಾಲು ಸಿಕ್ಕಿತು. ಫೋಟೊ ಇಲ್ಲ. ಕತ್ತರಿಸು ಅಂತ ನನಗೆ ಯಾರೂ ಹೇಳಿರಲಿಲ್ಲ. ಬರೆದವನೂ ನಾನೇ, ಕತ್ತರಿಸಿದವನೂ ನಾನೇ.

ಮಾರನೇ ದಿನ ಬೆಳಿಗ್ಗೆ ಪುಟ ನೋಡಿದಾಗಲೂ ನನಗೆ ಏನೂ ಅನ್ನಿಸಲಿಲ್ಲ. ಪುಟದ ನೆತ್ತಿಯ ಮೇಲೆ ಇದ್ದ ಎರಡು ಊರುಗಳು ಬೆಂಗಳೂರು ಮತ್ತು ಕೋಲ್ಕತ್ತ. ಕೆಳಗಿನ ಮೂಲೆಯಲ್ಲಿ ಇದ್ದ ಮನುಷ್ಯನ ಊರುಗಳೂ ಅವೇ ಎರಡು. ಒಂದು ಹುಟ್ಟಿದ ಊರು, ಇನ್ನೊಂದು ಹೊತ್ತು ಮೆರೆಸಿದ ಊರು. ಇಷ್ಟು ಕಣ್ಣಿಗೆ ಹೊಡೆಯುವ ಹಾಗಿದ್ದ ಸಂಗತಿ ಕೂಡ ಹೊಳೆಯಲಿಲ್ಲ ಅಂದರೆ ನೋಡಿ.

ಹೊಳೆಸಿದವರು ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಬಂಗಾಳಿ ದಾದಾ. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷದ ಹತ್ತಿರ ಆಗಿತ್ತು. ತರಕಾರಿ ಗಾಡಿಯವನ ಜೊತೆ ಚೌಕಾಸಿ ಮಾಡುವಷ್ಟು ಕನ್ನಡ ಇತ್ತು. ನಾನು ಪತ್ರಿಕೆಯವನು ಅಂತ ಗೊತ್ತಿತ್ತು. ಅವತ್ತು ಮೆಟ್ಟಿಲಿನ ಹತ್ತಿರ ಮಾಸ್ಕ್ ಹಾಕಿಕೊಂಡು ಆರಡಿ ದೂರ ನಿಂತು ಕೇಳಿದರು. "ಸಾರ್, ನಿಮ್ಮ ಪೇಪರಿನಲ್ಲಿ ಚಾಪ್‌ಮನ್ ಬಗ್ಗೆ ಜಾಸ್ತಿ ಬಂದಿರುತ್ತೆ ಅಲ್ವಾ? ನಿಮ್ಮ ಊರಿನವನು. ನನಗೆ ಓದೋಕೆ ಬರಲ್ಲ, ಫೋಟೊ ಇದ್ದರೆ ಕೊಡಿ, ಕತ್ತರಿಸಿ ಇಟ್ಟುಕೊಳ್ಳುತ್ತೇನೆ."

ಫೋಟೊ ಎಲ್ಲಿಂದ ತರಲಿ? ನಿನ್ನೆ ಜಾಗ ಇರಲಿಲ್ಲ, ಮ್ಯಾಚ್ ಇತ್ತು ಅಂತ ಏನೋ ತೊದಲಿದೆ. ಅವರು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತರು. ಮಾಸ್ಕ್ ಮೇಲಿನ ಕಣ್ಣು ಒದ್ದೆಯಾಗಿತ್ತು. "ಆಮಾದೇರ್ ಚಾಪ್‌ಮನ್" ಅಂದರು. ನಮ್ಮ ಚಾಪ್‌ಮನ್. ಬೆಂಗಳೂರಿನಲ್ಲಿ ಬೆಂಗಳೂರಿನವನೊಬ್ಬ ಸತ್ತಾಗ ಅತ್ತದ್ದು ಬಂಗಾಳಿ. ಕ್ರೀಡಾ ಪುಟದವನಾದ ನಾನು ಅವರೆದುರು ಬಾಯಿ ಕಟ್ಟಿ ನಿಂತಿದ್ದೆ.

ಆ ಮೆಟ್ಟಿಲ ಮೇಲೆ ಒಂದೂವರೆ ಗಂಟೆ ಪಾಠ ಆಯಿತು. ಆಮೇಲೆ ನಾನೂ ಹುಡುಕಿಕೊಂಡು ಓದಿದೆ. ತಿಳಿದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಯಾಕೆಂದರೆ ನಾನು ಅವತ್ತು ಬರೆಯಬೇಕಿದ್ದದ್ದು ಇದನ್ನೇ.

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಇದೇ ಬೆಂಗಳೂರಿನಲ್ಲಿ. ಅನಿಲ್ ಕುಂಬ್ಳೆಗಿಂತ ಆರು ತಿಂಗಳಿಗೆ ಚಿಕ್ಕವರು. 1996ರ ಸುಮಾರಿನಲ್ಲಿ ನಾವೆಲ್ಲ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆವಲ್ಲ. ಭಾರತದ ಕ್ರಿಕೆಟ್ ತಂಡದಲ್ಲಿ ಕುಂಬ್ಳೆ, ಶ್ರೀನಾಥ್, ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ. ಅರ್ಧ ತಂಡವೇ ನಮ್ಮದು ಅಂತ. ಅದೇ ಹೊತ್ತಿನಲ್ಲಿ ಇದೇ ಊರಿನ ಇನ್ನೊಬ್ಬ ಹುಡುಗ ಭಾರತದ ಫುಟ್ಬಾಲ್ ತಂಡದಲ್ಲಿ ಆಡುತ್ತಿದ್ದ. ನಾಯಕನೂ ಆದ. ಅವನ ನಾಯಕತ್ವದಲ್ಲಿ ಭಾರತ 1997ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಗೆದ್ದಿತು. ಆ ಎದೆ ಉಬ್ಬಿಸುವ ಪಟ್ಟಿಗೆ ನಾನು ಅವನನ್ನು ಸೇರಿಸಲಿಲ್ಲ. ನೀವು ಸೇರಿಸಿದ್ದಿರಾ?

ಯಾಕೆ ಸೇರಿಸಲಿಲ್ಲ ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ನಾನು ತಿಪಟೂರು ಕಡೆಯವನು. ನಮ್ಮ ಹಿರಿಯರಿಗೆ ಬೆಂಗಳೂರು ಅಂದರೆ ಪೇಟೆ, ಬಸವನಗುಡಿ, ಮಲ್ಲೇಶ್ವರ. ಕಬ್ಬನ್ ಪಾರ್ಕಿನ ಆಚೆಗೆ ಇದ್ದದ್ದು ದಂಡು, ಅಂದರೆ ಬ್ರಿಟಿಷರ ಕಂಟೋನ್ಮೆಂಟ್. ದಂಡಿನ ಕಡೆ ಹೋಗಬೇಕಾದರೆ ಒಂದು ಕಾರಣ ಬೇಕಿತ್ತು. ಈ ಊರಿನ ಫುಟ್ಬಾಲ್ ಬೆಳೆದದ್ದು ಆ ಕಡೆ. ಬಿಳಿಯ ಸೈನಿಕರ ಪಲ್ಟನ್‌ಗಳು ಆಡುವುದನ್ನು ನೋಡಿ, ಬರಿಗಾಲಲ್ಲಿ ಅವರ ಎದುರೇ ಆಡಿ ಕಲಿತ ಹುಡುಗರು. ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್, ಹಲಸೂರು. ಅಲ್ಲಿ ಚೆಂಡಿನ ಹಿಂದೆ ಓಡುವಾಗ ಕೂಗುತ್ತಿದ್ದದ್ದು ತಮಿಳು, ದಖನಿ, ಇಂಗ್ಲಿಷ್. ನಮ್ಮ ಪತ್ರಿಕೆಗಳ ಕಿವಿ ಅಲ್ಲಿಗೆ ತಲುಪಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ಸುಮ್ನೆ ಹಾಗೇ ನಡೆದುಕೊಂಡು ಬಂತು. ಆದರೆ ಹಾಗೇ ನಡೆದುಕೊಂಡು ಬಂದದ್ದು ನಾಲ್ಕು ಸಾಲಿಗೆ ಬಂದು ನಿಂತಿತು.

ಇದರಲ್ಲೊಂದು ತಮಾಷೆ ಕೇಳಿ. ಚಾಪ್‌ಮನ್ ಬೆಳೆದ ಆಸ್ಟಿನ್ ಟೌನ್‌ಗೆ ಇನ್ನೊಂದು ಹೆಸರು ಕಿಟೆಲ್ ನಗರ. ಹೌದು, ಅದೇ ಕಿಟೆಲ್. 1894ರಲ್ಲಿ ಕನ್ನಡ ನಿಘಂಟು ಕೊಟ್ಟವರು. ನಮ್ಮ ಡೆಸ್ಕಿನಲ್ಲಿ ಆ ನಿಘಂಟಿನ ಒಂದು ಪ್ರತಿ ಇತ್ತು, ಬೆನ್ನು ಕಿತ್ತು ಹೋಗಿತ್ತು, ಒಂದು ಪದಕ್ಕೆ ಇಬ್ಬರು ಜಗಳ ಆಡಿದಾಗ ಅದೇ ತೀರ್ಪು. ಕಿಟೆಲ್ ಮಾಸ್ತರರು ಬಿಟ್ಟ ಒಂದೊಂದು ಪದವನ್ನೂ ಹುಡುಕಿ ಚರ್ಚೆ ಮಾಡುವ ನಾವು, ಅವರ ಹೆಸರಿನ ಬಡಾವಣೆಯ ಹುಡುಗನನ್ನು ಬಿಟ್ಟುಬಿಟ್ಟೆವು.

ಆ ಹುಡುಗ ಊರು ಬಿಟ್ಟು ಹೋದದ್ದು ಜಮ್‌ಶೆಡ್‌ಪುರಕ್ಕೆ, ಟಾಟಾ ಫುಟ್ಬಾಲ್ ಅಕಾಡೆಮಿಗೆ. 1990ರ ಮಾತು. ಅಕಾಡೆಮಿ ಶುರುವಾಗಿ ಆಗಿನ್ನೂ ಮೂರು ವರ್ಷ. ಅಲ್ಲಿಂದ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್. ಬಂದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಎದುರಾದದ್ದು ಇರಾಕ್‌ನ ಅಲ್ ಜವ್ರಾ. ಬಾಗ್ದಾದಿನ ದೊಡ್ಡ ಕ್ಲಬ್. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್‌ನದು. ಇಪ್ಪತ್ತೆರಡು ವರ್ಷದ ಮಿಡ್‌ಫೀಲ್ಡರ್, ಏಷ್ಯಾ ಮಟ್ಟದ ಟೂರ್ನಿಯಲ್ಲಿ ಹ್ಯಾಟ್ರಿಕ್!

ಈ ಪಂದ್ಯದ ಬಗ್ಗೆ ಹೇಳುವಾಗ ದಾದಾ ಮೆಟ್ಟಿಲಿಂದ ಎದ್ದು ನಿಂತಿದ್ದರು. ಮೂರು ಗೋಲನ್ನೂ ಕಾಲಲ್ಲಿ ಮಾಡಿ ತೋರಿಸುತ್ತಾರೇನೋ ಅಂತ ನನಗೆ ಗಾಬರಿ. ಅಷ್ಟರಲ್ಲಿ ಮಂಡಿ ನೋವು ನೆನಪಾಗಿ ಮತ್ತೆ ಕೂತರು.

ಮಿಡ್‌ಫೀಲ್ಡರ್‌ನ ಕೆಲಸ ನಮಗೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಇದನ್ನು ನಾನು ಅರ್ಥ ಮಾಡಿಕೊಂಡ ಬಗೆ ಹೀಗೆ. ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವನನ್ನು ನೋಡಿ. ಕೈಯಲ್ಲಿ ಒಂದೇ ಬಕೆಟ್, ಎದುರಿಗೆ ನೂರು ಎಲೆ. ಒಳ್ಳೆಯವನಾದರೆ ಅವನ ಕಣ್ಣು ಬಕೆಟ್ ಮೇಲೆ ಇರುವುದಿಲ್ಲ. ಯಾವ ಎಲೆಯಲ್ಲಿ ಅನ್ನ ಮುಗಿಯುತ್ತಿದೆ, ಯಾರು ಕೈ ಅಡ್ಡ ಹಿಡಿಯುತ್ತಾರೆ, ಯಾರು ಸಂಕೋಚಕ್ಕೆ ಕೇಳುತ್ತಿಲ್ಲ, ಎಲ್ಲ ಅವನಿಗೆ ಮೊದಲೇ ಗೊತ್ತು. ಕೇಳುವ ಮುಂಚೆ ಹುಳಿ ಎಲೆಗೆ ಬಿದ್ದಿರುತ್ತದೆ. ಉಂಡವರು ಹೊಗಳುವುದು ಅಡುಗೆಯವರನ್ನು. ಬಡಿಸಿದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಚಾಪ್‌ಮನ್ ಮೈದಾನದ ನಡುವೆ ನಿಂತು ಹಾಗೆ ಬಡಿಸುತ್ತಿದ್ದರು.

ಯಾರಿಗೆ ಬಡಿಸಿದರು? ಐ.ಎಂ. ವಿಜಯನ್‌ಗೆ, ಬೈಚುಂಗ್ ಭುಟಿಯಾಗೆ. 1995ರಲ್ಲಿ ಚಾಪ್‌ಮನ್ ಪಂಜಾಬಿನ ಫಗ್ವಾರಾಕ್ಕೆ, ಜೆಸಿಟಿ ಮಿಲ್ಸ್ ತಂಡಕ್ಕೆ ಹೋದರು. ಕೇರಳದ ವಿಜಯನ್, ಸಿಕ್ಕಿಂನ ಭುಟಿಯಾ, ಬೆಂಗಳೂರಿನ ಚಾಪ್‌ಮನ್ ಮೂವರೂ ಒಂದೇ ತಂಡದಲ್ಲಿ. ಬಟ್ಟೆ ಗಿರಣಿಯ ತಂಡ ಅದು! 1996-97ರಲ್ಲಿ ಮೊಟ್ಟಮೊದಲ ನ್ಯಾಷನಲ್ ಫುಟ್ಬಾಲ್ ಲೀಗ್ ನಡೆದಾಗ ಕೋಲ್ಕತ್ತದ ದೊಡ್ಡ ಕ್ಲಬ್‌ಗಳನ್ನು, ಗೋವಾದ ಕ್ಲಬ್‌ಗಳನ್ನು ಹಿಂದೆ ಹಾಕಿ ಕಪ್ ಎತ್ತಿದ್ದು ಈ ಗಿರಣಿ ತಂಡ. ಭುಟಿಯಾ 14 ಗೋಲು ಹೊಡೆದು ಆ ಲೀಗಿನ ಅತಿ ಹೆಚ್ಚು ಗೋಲಿನ ಆಟಗಾರ ಆದರು. ವಿಜಯನ್, ಭುಟಿಯಾ ಹೆಸರು ಇವತ್ತಿಗೂ ಎಲ್ಲರ ಬಾಯಲ್ಲಿ ಇದೆ, ಇರಬೇಕು ಕೂಡ. ಚಾಪ್‌ಮನ್ ತೀರಿಕೊಂಡಾಗ ವಿಜಯನ್ ತನ್ನ ತಮ್ಮನನ್ನೇ ಕಳೆದುಕೊಂಡ ಹಾಗೆ ಮಾತಾಡಿದರು. ಮೈದಾನದಲ್ಲಿ ಸಿಟ್ಟು ಮಾಡಿಕೊಳ್ಳಲು ಬಾರದವನು ಅಂತಲೂ ನೆನೆದರು. ಉಂಡವರಿಗೆ ಬಡಿಸಿದವನ ನೆನಪಿತ್ತು.

ಆಮೇಲೆ ಒಂದು ಸೀಸನ್ ಎಫ್‌ಸಿ ಕೊಚ್ಚಿನ್. ಆಗಷ್ಟೇ ಹುಟ್ಟಿದ ಕ್ಲಬ್, ದುಡ್ಡು ಚೆಲ್ಲಿ ಆಟಗಾರರನ್ನು ಕರೆಸಿತ್ತು. 1997ರಲ್ಲೇ ಡುರಾಂಡ್ ಕಪ್ ಗೆದ್ದುಬಿಟ್ಟಿತು. 1998ರಲ್ಲಿ ಚಾಪ್‌ಮನ್ ವಾಪಸು ಈಸ್ಟ್ ಬೆಂಗಾಲ್‌ಗೆ. ಆ ಹೊತ್ತಿಗೆ ಆ ಕ್ಲಬ್ಬಿನವರಿಗೆ ಒಂದು ಮುಳ್ಳು ಚುಚ್ಚುತ್ತಿತ್ತು. ನ್ಯಾಷನಲ್ ಲೀಗನ್ನು ಅವರು ಒಮ್ಮೆಯೂ ಗೆದ್ದಿರಲಿಲ್ಲ. ಎದುರು ಮನೆಯ ಮೋಹನ್ ಬಾಗನ್ 2000ದ ಹೊತ್ತಿಗೆ ಎರಡು ಸಲ ಗೆದ್ದು ಕೂತಿತ್ತು. ಕೋಲ್ಕತ್ತದಲ್ಲಿ ಇದು ಬರೀ ಆಟದ ಮಾತಲ್ಲ. ಈಸ್ಟ್ ಬೆಂಗಾಲ್ ಗೆದ್ದ ದಿನ ಇಲಿಷ್ ಮೀನಿನ ರೇಟು ಏರುತ್ತದೆ, ಬಾಗನ್ ಗೆದ್ದರೆ ಸಿಗಡಿಯ ರೇಟು. 1997ರ ಜುಲೈ 13ರಂದು ಈ ಎರಡು ಕ್ಲಬ್‌ಗಳ ಪಂದ್ಯ ನೋಡಲು ಸಾಲ್ಟ್ ಲೇಕ್ ಸ್ಟೇಡಿಯಂಗೆ 1 ಲಕ್ಷ 31 ಸಾವಿರ ಜನ ಬಂದಿದ್ದರು. ಕಂಠೀರವ ಐದಾರು ಸಲ ತುಂಬಿದಷ್ಟು. ಅಂಥ ಊರಿನ ಮುಳ್ಳನ್ನು ತೆಗೆದದ್ದು 2000-01ರ ತಂಡ. ಈಸ್ಟ್ ಬೆಂಗಾಲ್‌ಗೆ ಮೊದಲ ನ್ಯಾಷನಲ್ ಲೀಗ್. ಬಾಗನ್ ಎರಡನೇ ಸ್ಥಾನ. ನಾಯಕ ಯಾರು? ನಮ್ಮ ಆಸ್ಟಿನ್ ಟೌನಿನವನು.

ಕಪ್ ಎತ್ತಿದ ವರ್ಷವೇ ಆಟ ನಿಲ್ಲಿಸಿದರು. ಮೂವತ್ತು ವಯಸ್ಸು.

ಇನ್ನೊಂದು ಸಂಗತಿ ನನಗೆ ಎಷ್ಟು ಸಲ ನೆನೆದರೂ ಖುಷಿ. ಈಸ್ಟ್ ಬೆಂಗಾಲ್‌ನ ಬಣ್ಣ ಯಾವುದು ಹೇಳಿ? ಕೆಂಪು, ಹಳದಿ. ಅವರ ಭಾಷೆಯಲ್ಲಿ ಲಾಲ್-ಹಲುದ್. ಅಂದರೆ ನಮ್ಮ ಬಾವುಟದ ಅರಿಶಿನ ಕುಂಕುಮ. ನವೆಂಬರ್ ಒಂದನೇ ತಾರೀಕು ನಾವು ಆಟೋಗಳಿಗೆ ಕಟ್ಟುವ ಬಣ್ಣ ತೊಟ್ಟು ಬೆಂಗಳೂರಿನ ಹುಡುಗನೊಬ್ಬ ಕೋಲ್ಕತ್ತದ ಎದುರು ವರ್ಷಾನುಗಟ್ಟಲೆ ಆಡಿದ. ಇದು ಕಾಕತಾಳೀಯ, ಗೊತ್ತು. ಆದರೂ ಇಷ್ಟು ಒಳ್ಳೆಯ ಹೆಡ್ಡಿಂಗ್ ಕೈಲಿಟ್ಟುಕೊಂಡು ನಾನು ನಾಲ್ಕು ಸಾಲು ಬರೆದೆನಲ್ಲ!

ಈ ದಾರಿ ತುಳಿದವರಲ್ಲಿ ಚಾಪ್‌ಮನ್ ಮೊದಲಿಗರೇನೂ ಅಲ್ಲ. 1949ರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದೇ ಈಸ್ಟ್ ಬೆಂಗಾಲ್‌ಗೆ ಹೋಗಿ ಹತ್ತು ವರ್ಷ ಆಡಿದರು. ಅಪ್ಪಾರಾವ್, ಧನರಾಜ್, ಸಾಲೇ, ವೆಂಕಟೇಶ್ ಜೊತೆ ಸೇರಿ ಆ ಐವರ ಮುನ್ಪಡೆಗೆ ಬಂಗಾಳಿಗಳು ಇಟ್ಟ ಹೆಸರು ಪಂಚಪಾಂಡವರು. 1948ರ ಲಂಡನ್ ಒಲಿಂಪಿಕ್ಸ್, 1951ರ ಏಷ್ಯನ್ ಗೇಮ್ಸ್ ಚಿನ್ನ, 1952ರ ಹೆಲ್ಸಿಂಕಿ ಒಲಿಂಪಿಕ್ಸ್, ಮೂರರಲ್ಲೂ ಅಹ್ಮದ್ ಖಾನ್ ಭಾರತಕ್ಕೆ ಆಡಿದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮಗೆ 10 ಗೋಲು ಹೊಡೆಯಿತು. ನಮ್ಮ ಕಡೆಯಿಂದ ಬಿದ್ದ ಒಂದೇ ಒಂದು ಗೋಲು ಅಹ್ಮದ್ ಖಾನರದು. ಲಂಡನ್ನಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಇದೇ ಊರಿನವರು. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ನಾನು ಎಷ್ಟು ಸಾಲು ಬರೆದೆ ಅಂತ ಹುಡುಕಿ ನೋಡುವ ಧೈರ್ಯ ಆಗಲಿಲ್ಲ.

ಚಾಪ್‌ಮನ್ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಆಟಗಾರನನ್ನು ನೆನೆಯುವ ಕೆಲಸ ಸಾಮಾನ್ಯವಾಗಿ ಕ್ಲಬ್‌ನದು. ಅವರು ಹೆಸರು ಮಾಡಿದ ಮೂರು ಕ್ಲಬ್‌ಗಳಲ್ಲಿ ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷದಲ್ಲಿ ಮುಚ್ಚಿಹೋಯಿತು. ಜೆಸಿಟಿ 2011ರಲ್ಲಿ ತಂಡವನ್ನೇ ನಿಲ್ಲಿಸಿತು. ಉಳಿದದ್ದು ಈಸ್ಟ್ ಬೆಂಗಾಲ್. 1920ರಲ್ಲಿ ಹುಟ್ಟಿದ ಆ ಕ್ಲಬ್‌ಗೆ ನೂರು ತುಂಬಿದ ವರ್ಷವೇ ಚಾಪ್‌ಮನ್ ಹೋದರು. ಕೊರೋನಾ ಇಲ್ಲದಿದ್ದರೆ ಸಾಲ್ಟ್ ಲೇಕ್‌ನಲ್ಲಿ ಸಾವಿರಾರು ಜನ ಎದ್ದು ನಿಲ್ಲುತ್ತಿದ್ದರು. ಆ ಸೀಸನ್ನಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪೂರಾ ಗೋವಾದಲ್ಲಿ, ಖಾಲಿ ಗ್ಯಾಲರಿಗಳ ಎದುರು ನಡೆಯಿತು. ಒಟ್ಟಿಗೆ ನಿಂತು ಚಪ್ಪಾಳೆ ತಟ್ಟಿ ಕಳಿಸಿಕೊಡುವ ಅವಕಾಶ ಯಾರಿಗೂ ಸಿಗಲಿಲ್ಲ. ಆ ಬಾಕಿ ಹಾಗೇ ಉಳಿದಿದೆ.

ಆಟ ಬಿಟ್ಟ ಮೇಲೆ ಕೋಚ್ ಆದರು. ತಾನು ಕಲಿತ ಟಾಟಾ ಅಕಾಡೆಮಿ, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ, ಕೋಲ್ಕತ್ತದ ಭವಾನಿಪುರ, ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಜ್. ಎಲ್ಲೆಲ್ಲೋ ಚಿಕ್ಕ ಹುಡುಗರಿಗೆ ಹೇಳಿಕೊಟ್ಟರು. ದೊಡ್ಡ ಸಂಬಳದ, ಟಿವಿಯಲ್ಲಿ ಬರುವ ಕೆಲಸಗಳಲ್ಲ ಇವು.

ಸರಿ, ಈಗ ಕೇಳುವುದಕ್ಕೆ ಬರುತ್ತೇನೆ.

ರಸ್ತೆಗೆ ಹೆಸರಿಡಿ, ಮೂರ್ತಿ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಎಂ.ಜಿ. ರಸ್ತೆಯಲ್ಲಿ ಅನಿಲ್ ಕುಂಬ್ಳೆ ವೃತ್ತ ಇದೆ, ಸಂತೋಷ. ಗೌತಮಪುರಕ್ಕೆ ಹೋದರೆ ಪೆಲೆಯ ಮೂರ್ತಿ ಇದೆ, ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ. ಬ್ರೆಜಿಲ್‌ನವನನ್ನು ಮನೆ ದೇವರ ಸಾಲಿಗೆ ಸೇರಿಸಿಕೊಂಡ ಆ ಗಲ್ಲಿಯ ಪ್ರೀತಿ ನೋಡಿ ನನಗೆ ಅಸೂಯೆಯೇ ಆಯಿತು. ಮೂರ್ತಿ ಅಂದರೆ ಹಾಗೆ, ಜನರೇ ದುಡ್ಡು ಹಾಕಿ ನಿಲ್ಲಿಸಬೇಕು. ಅರ್ಜಿ ಕೊಟ್ಟು ನಿಲ್ಲಿಸಿದ್ದಕ್ಕೆ ಕಾಗೆಗಳಷ್ಟೇ ಬರುತ್ತವೆ.

ಫುಟ್ಬಾಲ್ ಸಂಸ್ಥೆಯವರೇ, ನಿಮ್ಮ ಸ್ಟೇಡಿಯಂ ಕುಂಬ್ಳೆ ವೃತ್ತದಿಂದ ನಡೆದು ಹೋಗುವಷ್ಟು ದೂರದಲ್ಲಿ, ಮ್ಯಾಗ್ರಾತ್ ರಸ್ತೆಯಲ್ಲಿ ಇದೆ. ಅಲ್ಲಿ ವರ್ಷಪೂರ್ತಿ ಲೀಗ್ ಪಂದ್ಯ, ಮಕ್ಕಳ ಪಂದ್ಯ ನಡೆಯುತ್ತವೆ. ಆಡಲು ಬರುವ ಹನ್ನೆರಡು ಹದಿಮೂರು ವರ್ಷದ ಹುಡುಗ ಹುಡುಗಿಯರು ಬೂಟ್ ಲೇಸ್ ಕಟ್ಟಿಕೊಳ್ಳುವ ಜಾಗದ ಎದುರಿನ ಗೋಡೆಯಲ್ಲಿ ಚಾಪ್‌ಮನ್ ಇರಲಿ. ಫೋಟೊ, ಕೆಳಗೆ ಕನ್ನಡದಲ್ಲಿ ಹತ್ತು ಹದಿನೈದು ಸಾಲು. ಪಕ್ಕದಲ್ಲೇ ಅಹ್ಮದ್ ಖಾನ್ ಇರಲಿ, ರಾಮನ್ ಇರಲಿ, 1962ರ ಜಕಾರ್ತದ ಚಿನ್ನ ತಂದ ತಂಡದ ಅರುಮೈನಾಯಗಂ ಇರಲಿ. ಬರೆದುಕೊಡುವ ಕೆಲಸ ನನಗೆ ಬಿಡಿ. ಸಂಬಳ ಬೇಡ. ಕನ್ನಡದಲ್ಲೇ ಯಾಕೆ ಅಂತ ಕೇಳಬಹುದು. ಇಂಗ್ಲಿಷಿನಲ್ಲಿ ಇವರ ಬಗ್ಗೆ ಅಲ್ಲಿ ಇಲ್ಲಿ ಬಂದಿದೆ. ಕನ್ನಡದಲ್ಲಿ ಓದುವ ಹುಡುಗನಿಗೆ ಇವರು ನಮ್ಮವರು ಅಂತ ಹೇಳಿದವರು ಕಡಿಮೆ. ಮಡಿಕೇರಿಯಿಂದ, ಬೆಳಗಾವಿಯಿಂದ ಆಡಲು ಬರುವ ಹುಡುಗನಿಗೂ ಇದು ತಲುಪಬೇಕು.

ಇದಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ಚಾಪ್‌ಮನ್ ಜೊತೆ ಚಿಕ್ಕಂದಿನಲ್ಲಿ ಆಡಿದವರು, ಅವರಿಗೆ ಮೊದಲ ಬೂಟು ಕೊಡಿಸಿದವರು, ಅವರ ಎದುರು ಆಡಿ ಸೋತವರು ಇನ್ನೂ ಇದೇ ಊರಿನಲ್ಲಿ ಇದ್ದಾರೆ. ಆಸ್ಟಿನ್ ಟೌನಿನ ಮೈದಾನದ ಪಕ್ಕದ ಟೀ ಅಂಗಡಿಯಲ್ಲಿ ಒಂದು ಸಂಜೆ ಕೂತರೆ ನಾಲ್ಕು ಜನ ಸಿಗುತ್ತಾರೆ. ನಾನು ಕೂತಿದ್ದೇನೆ. ತಮಿಳು, ಇಂಗ್ಲಿಷ್, ಕನ್ನಡ ಕಲಸಿ ಮಾತಾಡುತ್ತಾರೆ. ಒಬ್ಬರು ನನ್ನ ಕೈಯಿಂದ ಟೀ ಲೋಟ ಕಸಿದುಕೊಂಡು ಮೇಜಿನ ಮೇಲೆ ಇಟ್ಟು, ಇದು ಗೋಲ್‌ಕೀಪರ್ ಅಂದರು. ಇನ್ನೂ ಮೂರು ಲೋಟ ಜೋಡಿಸಿ ಚಾಪ್‌ಮನ್ ಪಾಸ್ ಕೊಡುತ್ತಿದ್ದ ಬಗೆ ತೋರಿಸಿದರು. ಪಾಸ್ ಕೊಡುವ ಮುಂಚೆ ಆ ಕಡೆ ನೋಡುತ್ತಲೇ ಇರಲಿಲ್ಲವಂತೆ. ಮೊದಲೇ ನೋಡಿಟ್ಟುಕೊಂಡಿರುತ್ತಿದ್ದನಂತೆ. ನಾಲ್ಕನೇ ಲೋಟ ಉರುಳಿ ಟೀ ಚೆಲ್ಲಿತು, ಅಂಗಡಿಯವನು ಬೈದ. ಇಂಥ ಮಾತುಗಳನ್ನು ಒಂದು ಮೊಬೈಲಿನಲ್ಲಾದರೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಇವರೆಲ್ಲ ಅರವತ್ತರ ಹತ್ತಿರ ಇದ್ದಾರೆ, ಕೆಲವರು ದಾಟಿದ್ದಾರೆ. ಅಹ್ಮದ್ ಖಾನರ ಜೊತೆ ಬರಿಗಾಲಲ್ಲಿ ಆಡಿದವರನ್ನು ಹುಡುಕುವ ಹೊತ್ತು ಮೀರಿ ಹೋಯಿತು.

ಇನ್ನು ನೀಲಿ ಅಂಗಿಯ ಗೆಳೆಯರೇ, ನಿಮಗೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಾಗ ಈ ಊರಿಗೆ ಫುಟ್ಬಾಲ್ ಈಗ ಬಂತು ಅನ್ನುವ ಹಾಗೆ ನಾವೆಲ್ಲ ಬರೆದೆವು. ನಾನೂ ಬರೆದೆ. ಆ ಸೀಸನ್ ನೀವು ಕೂಗಿದ್ದು ಮ್ಯಾಗ್ರಾತ್ ರಸ್ತೆಯ ಅದೇ ಹಳೆಯ ಸ್ಟೇಡಿಯಂನ ವೆಸ್ಟ್ ಬ್ಲಾಕ್‌ನಲ್ಲಿ. 2016ರಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ರಾತ್ರಿ ಕಂಠೀರವದಲ್ಲಿ ನಾನಿದ್ದೆ. ಪ್ರೆಸ್ ಬಾಕ್ಸ್‌ನಲ್ಲಿ ಕೂತು ಕೂಗಬಾರದು ಅನ್ನುವ ನಿಯಮ ಮುರಿದದ್ದು ಅದೊಂದೇ ಸಲ. ಏಷ್ಯಾದ ಎದುರು ಗೆಲ್ಲುವುದು ಅಂದರೆ ಏನು ಅಂತ ನಿಮಗೆ ಗೊತ್ತು. ಅದಕ್ಕೂ 23 ವರ್ಷ ಮುಂಚೆ ಇದೇ ಊರಿನವನು ಇರಾಕ್‌ನ ಕ್ಲಬ್‌ಗೆ ಮೂರು ಗೋಲು ಹೊಡೆದಿದ್ದ. ಅವನು ನಿಮ್ಮ ಕ್ಲಬ್‌ಗೆ ಆಡಿಲ್ಲ, ನಿಜ. ಆಡುವ ಕಾಲಕ್ಕೆ ನಿಮ್ಮ ಕ್ಲಬ್ಬೇ ಇರಲಿಲ್ಲ. ಇದ್ದಿದ್ದರೆ ಕೋಲ್ಕತ್ತದವರೆಗೆ ಯಾಕೆ ಹೋಗುತ್ತಿದ್ದ?

ಈಸ್ಟ್ ಬೆಂಗಾಲ್ ಈಗ ಪಂದ್ಯಕ್ಕೆಂದು ಕಂಠೀರವಕ್ಕೆ ಬರುತ್ತದೆ. ಈ ಊರಿನಲ್ಲಿ ಕೆಲಸ ಮಾಡುವ ಬಂಗಾಳಿ ಹುಡುಗರು ಕೆಂಪು ಹಳದಿ ತೊಟ್ಟು ಒಂದು ಮೂಲೆ ತುಂಬುತ್ತಾರೆ. ನೀವು ಅವರನ್ನು ಚೆನ್ನಾಗಿ ಕಿಚಾಯಿಸುತ್ತೀರಿ, ಅವರೂ ಬಿಡುವುದಿಲ್ಲ. ಕಿಚಾಯಿಸಿ, ಅದು ಬೇಕು. ಮುಂದಿನ ಸಲ ಅವರು ಬಂದಾಗ ಪಂದ್ಯದ ನಡುವೆ ಒಂದೇ ಒಂದು ನಿಮಿಷ, ನೀಲಿ ಮೂಲೆಯೂ ಕೆಂಪು ಹಳದಿ ಮೂಲೆಯೂ ಒಟ್ಟಿಗೆ ಎದ್ದು ಚಪ್ಪಾಳೆ ತಟ್ಟಿ. ಮೌನ ಬೇಡ. ಆ ಮನುಷ್ಯನಿಗೆ ಮೌನ ಸಾಕಷ್ಟು ಸಿಕ್ಕಿದೆ. ಒಂದು ಬಟ್ಟೆಯ ಮೇಲೆ ಕನ್ನಡದಲ್ಲೂ ಬಂಗಾಳಿಯಲ್ಲೂ "ನಮ್ಮ ಚಾಪ್‌ಮನ್" ಅಂತ ಬರೆದು ಹಿಡಿಯಿರಿ. ಎರಡು ಗ್ಯಾಲರಿಯೂ ನಮ್ಮವನು ಅನ್ನಬಹುದಾದ ಆಟಗಾರ ಇನ್ನೊಬ್ಬ ಸಿಗುವುದು ಕಷ್ಟ.

ನಮ್ಮ ದಾದಾ ಕೆಲಸದಿಂದ ನಿವೃತ್ತಿಯಾಗಿ ಹೋದ ವರ್ಷ ಕೋಲ್ಕತ್ತಕ್ಕೆ ಮರಳಿದರು. ಫೋನ್ ಮಾಡಿದಾಗಲೆಲ್ಲ ಫೋಟೊ ಕೇಳುತ್ತಾರೆ. ಕನ್ನಡ ಪೇಪರಿನಲ್ಲಿ ಬಂದದ್ದು, ಕೆಳಗೆ ಕನ್ನಡ ಅಕ್ಷರ ಇರುವಂಥದ್ದೇ ಬೇಕಂತೆ. ಓದಲು ಬಾರದಿದ್ದರೂ.

ಡೆಸ್ಕಿನ ಗೆಳೆಯರೇ, ಕೊನೆಗೆ ನಿಮಗೊಂದು ಕೋರಿಕೆ. ಪತ್ರಿಕೆಯಲ್ಲಿ ತಪ್ಪು ಬಂದರೆ ಮರುದಿನ ತಿದ್ದುಪಡಿ ಹಾಕುವುದು ನಮ್ಮ ಪದ್ಧತಿ. ನಾನು ವರ್ಷಗಟ್ಟಲೆ ತಡ ಮಾಡಿದ್ದೇನೆ. ಬರುವ ಅಕ್ಟೋಬರ್ 12ರ ಸಂಚಿಕೆಗೆ ಇದನ್ನು ಇಟ್ಟುಕೊಳ್ಳಿ. ಫೋಟೊ ಸಮೇತ ಹಾಕಿ. ಜಾಗ ಸಾಲದಿದ್ದರೆ ಬೇರೆ ಏನನ್ನಾದರೂ ಕತ್ತರಿಸಿ.

ತಿದ್ದುಪಡಿ

2020ರ ಅಕ್ಟೋಬರ್ 13ರ ಕ್ರೀಡಾ ಪುಟದ ಚುಟುಕು ಸುದ್ದಿಯಲ್ಲಿ ಕಾರ್ಲ್ಟನ್ ಚಾಪ್‌ಮನ್ ಅವರನ್ನು "ಮಾಜಿ ಫುಟ್ಬಾಲ್ ಆಟಗಾರ" ಎಂದಷ್ಟೇ ಬರೆಯಲಾಗಿತ್ತು. ಅವರು ಬೆಂಗಳೂರಿನ ಆಸ್ಟಿನ್ ಟೌನಿನವರು. ಭಾರತ ತಂಡದ ನಾಯಕರಾಗಿದ್ದರು. 1993ರಲ್ಲಿ ಇರಾಕ್‌ನ ಅಲ್ ಜವ್ರಾ ವಿರುದ್ಧ ಮೂರು ಗೋಲು ಹೊಡೆದರು. ಜೆಸಿಟಿ ಮೊದಲ ನ್ಯಾಷನಲ್ ಲೀಗ್ ಗೆದ್ದಾಗ ತಂಡದಲ್ಲಿದ್ದರು. ಈಸ್ಟ್ ಬೆಂಗಾಲ್‌ಗೆ ಮೊದಲ ನ್ಯಾಷನಲ್ ಲೀಗ್ ಗೆದ್ದುಕೊಟ್ಟಾಗ ನಾಯಕರಾಗಿದ್ದರು. ಪಾಸ್ ಕೊಡುವ ಮುಂಚೆ ಆ ಕಡೆ ನೋಡುತ್ತಿರಲಿಲ್ಲ. ಸುದ್ದಿಯಲ್ಲಿ ಇದಾವುದೂ ಇರಲಿಲ್ಲ. ಪ್ರಮಾದಕ್ಕೆ ವಿಷಾದಿಸುತ್ತೇನೆ.

ಇಂತಿ,
ಕ್ರೀಡಾ ಪುಟದ ಒಬ್ಬ ಹಳೆಯ ಉಪಸಂಪಾದಕ
ಬೆಂಗಳೂರು